ಚಪ್ಪಲಿಯ ಸ್ಮರಣೆಗೊಂದು ಬೆಂಚು

ನನ್ನ ಅಂಗಿಯ ಕಿಸೆಯಲ್ಲಿ ಯಾವಾಗಲೂ ಆರು ಇಂಚಿನ ಉಕ್ಕಿನ ಪಟ್ಟಿಯೊಂದು ಇರುತ್ತದೆ. ಬೇರೆಯವರು ಪೆನ್ನನ್ನೋ ಅಡಿಕೆಯ ಡಬ್ಬಿಯನ್ನೋ ಇಟ್ಟುಕೊಳ್ಳುವ ಹಾಗೆ ನಾನು ಈ ಅಳತೆಪಟ್ಟಿಯನ್ನು ಇಟ್ಟುಕೊಂಡು ಬಂದಿದ್ದೇನೆ. ಪುಣೆಯ ಪಿಂಪ್ರಿಯ ಕಡೆಗಿನ ಒಂದು ಕಾರ್ಖಾನೆಯಲ್ಲಿ, ಗಾಡಿಗಳ ಗೇರು ಕೊರೆಯುವ ಸಿಎನ್‌ಸಿ ಯಂತ್ರಗಳ ಸಹವಾಸದಲ್ಲಿ ನನ್ನ ನೌಕರಿ ಮುಗಿಯಿತು. ಸಿಎನ್‌ಸಿ ಎಂದರೆ ಹೆದರಬೇಡಿ. ಕಂಪ್ಯೂಟರಿನ ಮಾತು ಕೇಳಿ ಕೊರೆಯುವ ಯಂತ್ರ, ಅಷ್ಟೆ. ಎಲ್ಲಿಂದ ಎಲ್ಲಿಗೆ, ಎಷ್ಟು ಆಳ ಎಂದು ನಾವು ಬರೆದುಕೊಡಬೇಕು. ಬರೆದದ್ದನ್ನು ಅದು ತಪ್ಪದೆ ಮಾಡುತ್ತದೆ. ಬರೆಯದೆ ಮನಸ್ಸಿನಲ್ಲಿಟ್ಟುಕೊಂಡದ್ದು ಅದಕ್ಕೆ ತಿಳಿಯುವುದಿಲ್ಲ. ಈ ಒಂದು ವಿಷಯದಲ್ಲಿ ಅದು ನನ್ನ ಹೆಂಡತಿ ಸುಮಿತ್ರಾಗೆ ತೀರ ವಿರುದ್ಧ. ಅವಳು ನಾನು ಹೇಳಿದ್ದನ್ನು ಬಿಟ್ಟು, ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತಾಳೆ.

ಪಟ್ಟಿಯಿಂದ ನನಗೆ ಮಾನ ಸಿಕ್ಕಿದ್ದು ಕಡಿಮೆ. ಮಗಳ ಮದುವೆಯ ಮಾತುಕತೆಗೆ ಹೋದಾಗ, ಬೀಗರ ಮನೆಯ ಟೀಪಾಯಿ ಒಂದು ಕಡೆ ವಾಲಿದೆ ಎಂದು ನನಗೆ ಅನ್ನಿಸಿತು. ಅನ್ನಿಸಿದ ಮೇಲೆ ಸುಮ್ಮನಿರುವುದು ಹೇಗೆ? ಚಹಾ ತರುವುದರೊಳಗೆ ಬಗ್ಗಿ ನಾಲ್ಕೂ ಕಾಲು ಅಳೆದೆ. ಬೀಗರು ಒಳಗಿನಿಂದ ಬಂದಾಗ ಅವರಿಗೆ ಮೊದಲು ಕಂಡದ್ದು ವರನ ಭಾವೀ ಮಾವನ ಬೆನ್ನು. ಸುಮಿತ್ರಾ ನನ್ನ ಕಾಲನ್ನು ತುಳಿದ ರಭಸಕ್ಕೆ ಟೀಪಾಯಿಯ ಕಾಲು ಎಷ್ಟು ಗಿಡ್ಡವಿತ್ತು ಎಂಬುದೇ ಮರೆತುಹೋಯಿತು. ಮದುವೆಯೇನೋ ಆಯಿತು. ಆದರೆ ಈಗಲೂ ನಾನು ಬರುತ್ತೇನೆಂದರೆ ಆ ಮನೆಯವರು ಟೀಪಾಯಿಯ ಮೇಲೆ ಬಟ್ಟೆ ಹಾಸುತ್ತಾರಂತೆ.

ಮೊನ್ನೆ ಪಟ್ಟಿಯನ್ನು ಒರೆಸುವಾಗ ಅದರ ಗೆರೆಗಳ ಸಂದಿಯಲ್ಲಿ ಕಂದು ಬಣ್ಣದ ಹುಡಿ ಕೂತದ್ದು ಕಂಡಿತು. ಉಗುರಿನಿಂದ ಕೆದಕಿ ಮೂಸಿದೆ. ಮರದ ಹುಡಿ. ಅಲ್ಲಿಗೆ ಒರೆಸುವ ಕೆಲಸ ನಿಂತಿತು.

ವಾಕಡದಲ್ಲಿ ನಮ್ಮ ಫ್ಲ್ಯಾಟುಗಳ ಸೊಸಾಯಿಟಿಯ ಹಿಂದಿನ ಗೋಡೆಗೆ ಹತ್ತಿಕೊಂಡು ಎರಡು ಮಳೆಮರಗಳಿದ್ದವು. ಕಟ್ಟಡಗಳು ಬರುವ ಮೊದಲು ಅಲ್ಲಿ ಹೊಲವಿತ್ತಂತೆ. ಮರಗಳು ಆ ಕಾಲದವು. ಅವುಗಳಲ್ಲಿ ಒಂದರ ಕೆಳಗೆ ಸಿಮೆಂಟಿನ ಬೆಂಚು. ಸಂಜೆ ನಾನು ಮತ್ತು ಸುಮಿತ್ರಾ ಅದರ ಮೇಲೆ ಕೂಡುತ್ತಿದ್ದೆವು. ಮನೆಯೊಳಗೆ ನಾವು ಮಾತಾಡುವುದಿಲ್ಲವೆಂದಲ್ಲ. ಆದರೆ ಮನೆಯೊಳಗಿನ ಮಾತು ಹಾಲು, ಗುಳಿಗೆ, ನಲ್ಲಿಯ ನೀರು, ಯಾರು ಫೋನ್ ಮಾಡಿದ್ದರು ಎಂಬಷ್ಟರಲ್ಲಿ ಮುಗಿಯುತ್ತದೆ. ಕೆಳಗೆ ಬಂದು ಕೂತರೆ ಅವಳ ಬಾಯಿಂದ ಬೇರೆ ಮಾತು ಬರುತ್ತಿತ್ತು. ಧಾರವಾಡದ ಅವಳ ಕಾಲೇಜು, ತೀರಿಹೋದ ಗೆಳತಿ, ಪುಣೆಗೆ ಬಂದ ಹೊಸತರಲ್ಲಿ ಮರಾಠಿ ಬಾರದೆ ಹಾಲಿನವನ ಎದುರು ಅಭಿನಯ ಮಾಡಿದ್ದು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿ ನಾನು ಆ ಸಿಮೆಂಟಿನ ಮೇಲೆ ಕೂತು ಕೇಳಿದ್ದೇನೆ.

ಆ ಸಂಜೆಯನ್ನು ನಾನು ನಿಧಾನವಾಗಿ ಹೇಳಬೇಕು. ಬೇಗ ಹೇಳಹೋದರೆ ಈಗಲೂ ನನ್ನ ಮಾತು ಹಿಂದುಮುಂದಾಗುತ್ತದೆ.

ಮೇ ತಿಂಗಳ ಕೊನೆ. ಗಾಳಿ ಎದ್ದಿತ್ತು, ಮಳೆ ಇನ್ನೂ ಬಿದ್ದಿರಲಿಲ್ಲ. ಸುಮಿತ್ರಾ ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಒಣಹಾಕಿದ್ದಳು. ಗಾಳಿ ನೋಡಿ ಎದ್ದು ಹೋದಳು. ನಾನು ಏಳಲಿಲ್ಲ. ಚಪ್ಪಲಿ ಕೆಳಗೆ ಬಿಟ್ಟು, ಬೆಂಚಿನ ಮೇಲೆ ಕಾಲು ಮಡಚಿಕೊಂಡು ಕೂತಿದ್ದೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲಿನ ಬಾಗಿಲಲ್ಲಿ ನಿಂತು ಅವಳು ಕರೆದಳು. ಒಬ್ಬಳ ಕೈಯಲ್ಲಿ ಆಗುವುದಿಲ್ಲ, ಸೀರೆಯ ಇನ್ನೊಂದು ತುದಿ ಹಿಡಿಯಲು ಬನ್ನಿ ಎಂದು. ಎರಡನೆಯ ಸಲ ಕರೆದ ದನಿ ಬೇರೆಯಿತ್ತು. ಆ ದನಿಗೆ ನಾನು ಚಪ್ಪಲಿ ಹುಡುಕುತ್ತ ಕೂಡುವುದಿಲ್ಲ. ಬರಿಗಾಲಲ್ಲಿ ಗೊಣಗುತ್ತ ಹೋದೆ. ಬಾಗಿಲನ್ನು ಮುಟ್ಟುವ ಹೊತ್ತಿಗೆ ಹಿಂದೆ ಯಾರೋ ದಪ್ಪ ಬಟ್ಟೆಯನ್ನು ಉದ್ದಕ್ಕೆ ಹರಿದಂತೆ ಸದ್ದಾಯಿತು. ತಿರುಗಿದೆ. ಮರ ಬೀಳುವುದು ನನಗೆ ಕಾಣಲಿಲ್ಲ. ಬಿದ್ದ ಮರ ಕಂಡಿತು. ಅದು ಇದ್ದ ಜಾಗದಲ್ಲಿ ಆಕಾಶವಿತ್ತು. ಬೆಂಚು ಎರಡು ತುಂಡಾಗಿತ್ತು. ಎಲೆಗಳು ಮಾತ್ರ ಇನ್ನೂ ಅಲ್ಲಾಡುತ್ತಿದ್ದವು.

ಇಂಥ ಹೊತ್ತಿನಲ್ಲಿ ಮನುಷ್ಯ ದೇವರನ್ನು ನೆನೆಯುತ್ತಾನೆ, ಹೆಂಡತಿಯ ಕೈ ಹಿಡಿಯುತ್ತಾನೆ. ನಾನು ಅಂದದ್ದು, "ನನ್ನ ಚಪ್ಪಲಿ."

ಈ ಮಾತನ್ನು ಸುಮಿತ್ರಾ ಬಂಧುಬಳಗದಲ್ಲೆಲ್ಲ ಹಂಚಿದ್ದಾಳೆ. ಹುಬ್ಬಳ್ಳಿಯಿಂದ ಕಲ್ಯಾಣದವರೆಗೆ ಯಾವ ಮದುವೆಗೆ ಹೋದರೂ ಯಾರಾದರೊಬ್ಬರು ನನ್ನ ಪಾದದ ಕಡೆ ನೋಡಿ, "ಹೊಸಾವೇನ್ರಿ?" ಎಂದು ಕೇಳುತ್ತಾರೆ.

ಆಮೇಲೆ ನಾವು ಕೆಲವು ದಿನ ಇನ್ನೊಂದು ಮಳೆಮರದ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ನೋಡಿದೆವು. ಸುಮಿತ್ರಾಗೆ ಮಂಡಿನೋವು ಶುರುವಾಯಿತು. ನಂತರ ತಲೆನೋವು. ನಂತರ ಒಂದು ದಿನ ಯಾವ ನೋವಿನ ಹೆಸರನ್ನೂ ಹೇಳದೆ, "ನಾ ಇನ್ನ ಬರೂದಿಲ್ರಿ, ನೀವು ಹೋಗಿ ಬರ್ರಿ," ಎಂದಳು. ನಾನು ಒತ್ತಾಯ ಮಾಡಲಿಲ್ಲ. ಪಾಪ, ಹೆದರಿದ್ದಾಳೆ, ಸಹಜ ಎಂದುಕೊಂಡೆ. ಅಷ್ಟು ಅಂದುಕೊಂಡು ಸುಮ್ಮನಿರುವ ಸ್ವಭಾವ ನನ್ನದಲ್ಲ. ಸೊಸಾಯಿಟಿಯ ಚೇರ್ಮನ್ ಕದಮ್ ಅವರಿಗೆ ಹೇಳಿದೆ, ಮಗಳಿಗೆ ಫೋನಿನಲ್ಲಿ ಹೇಳಿದೆ, ಹಾಲಿನವನಿಗೂ ಹೇಳಿದೆ. ಎಲ್ಲರೂ ಅವಳನ್ನು ಕಂಡಾಗ ದನಿ ತಗ್ಗಿಸಿ ಮಾತಾಡತೊಡಗಿದರು. ನಾನು ಮಾತ್ರ ಧೈರ್ಯವಂತನಾಗಿ ದಿನಾ ಸಂಜೆ ಕೆಳಗೆ ಹೋಗಿ, ಕೈಗಳನ್ನು ಹಿಂದೆ ಕಟ್ಟಿಕೊಂಡು, ಉಳಿದ ಮರದ ಸುತ್ತ ಒಂದು ಸುತ್ತು ಹಾಕಿ, ಕಾಂಡವನ್ನು ಬೆರಳಿನಿಂದ ತಟ್ಟಿ ಕೇಳಿ ಮೇಲೆ ಬರುತ್ತಿದ್ದೆ. ಮರದ ವಿಷಯ ನನಗೇನೂ ಗೊತ್ತಿಲ್ಲ. ಆದರೆ ಟೊಳ್ಳಾದ ಗೇರಿನ ಸದ್ದು ಗೊತ್ತು.

ಬಿದ್ದ ಮರವನ್ನು ಕತ್ತರಿಸಿ ಒಯ್ಯಲು ಪಾಲಿಕೆಯವರು ಬಂದಾಗ, ಕದಮ್ ಅವರನ್ನು ಹಿಡಿದು ಒಂದು ದೊಡ್ಡ ದಿಮ್ಮಿಯನ್ನು ಸೊಸಾಯಿಟಿಗೆಂದು ಉಳಿಸಿಕೊಂಡೆ. ನನ್ನ ಲೆಕ್ಕ ಸರಳವಾಗಿತ್ತು. ಬಿದ್ದ ಮರದಿಂದಲೇ ಬೆಂಚು ಮಾಡಿದರೆ, ಅದನ್ನು ಮುಟ್ಟಿ ಕೂತರೆ, ಅವಳ ಹೆದರಿಕೆ ಹೋಗುತ್ತದೆ. ನಾಯಿ ಕಂಡರೆ ಹೆದರುವವರಿಗೆ ನಾಯಿಮರಿ ತಂದುಕೊಟ್ಟ ಹಾಗೆ. ನನಗೆ ಬೇಕಿದ್ದದ್ದು ಇಷ್ಟೆ: ಅವಳು ಮತ್ತೆ ಕೆಳಗೆ ಬಂದು ನನ್ನ ಪಕ್ಕದಲ್ಲಿ ಕೂತು ಆ ಬೇರೆ ಮಾತುಗಳನ್ನು ಆಡಬೇಕು. ಇದನ್ನು ಹೀಗೆಯೇ ಅವಳಿಗೆ ಹೇಳಬಹುದಿತ್ತು. ಆದರೆ ಹೇಳುವುದಕ್ಕಿಂತ ಬೆಂಚು ಮಾಡುವುದು ನನಗೆ ಸುಲಭ ಅನ್ನಿಸಿತು. ನೋಡಿ, ಎಂಥ ಮನುಷ್ಯ.

ಬೆಂಚು ಮಾಡುತ್ತೇನೆ ಎಂದಾಗ ಸುಮಿತ್ರಾ ಕೈಯಲ್ಲಿದ್ದ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಮಾಡ್ರಿ ಎಂದಳು. ಮತ್ತೆ ಹೆಚ್ಚುತ್ತ, "ಮರದ ಅಂಚು ಮಾತ್ರ ಹಂಗ ಬಿಡ್ರಿ. ಅದಕ್ಕ ಒಂದು ಡೊಂಕು ಇತ್ತಲ್ಲಾ, ನಾ ಕೈ ಇಟ್ಕೊಂಡು ಕೂಡ್ತಿದ್ದೆ," ಎಂದಳು. ಬೆಂಚಿನಿಂದ ಕೈ ಚಾಚಿದರೆ ಮುಟ್ಟುವ ಹಾಗೆ ಕಾಂಡದಲ್ಲಿ ಒಂದು ಬಾಗು ಇದ್ದದ್ದು ನನಗೂ ನೆನಪಿತ್ತು. ಅಷ್ಟೇ ತಾನೇ, ಎಂದೆ.

ದಿಮ್ಮಿಯನ್ನು ಮಿಲ್ಲಿನಲ್ಲಿ ಉದ್ದಕ್ಕೆ ಸೀಳಿಸಿದಾಗ ನಡುವೆ ಒಂದು ದಪ್ಪ ಹಲಗೆ ಸಿಕ್ಕಿತು. ಎರಡೂ ಬದಿಗೆ ತೊಗಟೆ, ನಡುವೆ ಕಾಫಿ ಬಣ್ಣದ ಮೈ, ಒಂದು ಬದಿಯಲ್ಲಿ ಸುಮಿತ್ರಾಳ ಡೊಂಕು. ಒಂದು ವರ್ಷವಾದರೂ ಒಣಗಲಿ ಎಂದರು ಮಿಲ್ಲಿನವರು. ಉಕ್ಕಿನ ಮನುಷ್ಯನಿಗೆ ಈ ಮಾತು ವಿಚಿತ್ರವಾಗಿ ಕೇಳಿತು. ನಮ್ಮಲ್ಲಿ ಬೆಳಿಗ್ಗೆ ಬಂದ ಮಾಲು ಸಂಜೆಗೆ ಗೇರಾಗುತ್ತಿತ್ತು. ಆದರೂ ಪಾರ್ಕಿಂಗಿನ ಮೂಲೆಯಲ್ಲಿ ಇಟ್ಟಿಗೆಯ ಮೇಲೆ ಇಟ್ಟು ಗೋಣಿ ಹೊದಿಸಿದೆ. ಅದರ ಪಕ್ಕ ನನ್ನ ಪಟ್ಟಿಯನ್ನಿಟ್ಟು ಫೋಟೋ ತೆಗೆದುಕೊಂಡೆ. ಯಾವ ವಸ್ತುವಿನ ಫೋಟೋ ತೆಗೆದರೂ ಅಳತೆ ತಿಳಿಯಲೆಂದು ಪಟ್ಟಿ ಇಡುವುದು ನನ್ನ ಚಾಳಿ. ಮೊಮ್ಮಗಳು ಹುಟ್ಟಿದ ದಿನದ ಫೋಟೋದಲ್ಲೂ ಇಡಹೋಗಿದ್ದೆ, ನರ್ಸು ಬಿಡಲಿಲ್ಲ.

ಆ ವರ್ಷವೆಲ್ಲ ಕದಮ್ ಲಿಫ್ಟಿನಲ್ಲಿ ಸಿಕ್ಕಾಗಲೊಮ್ಮೆ ಮರಾಠಿಯಲ್ಲಿ, "ಕಾಯ್ ಅಣ್ಣಿಗೇರಿ, ಬಾಕ ಕಧೀ?" ಎಂದು ಕೇಳುತ್ತಿದ್ದರು. ಬೆಂಚು ಯಾವಾಗ ಎಂದು. ಜೊತೆಗೆ ಅದರ ಮೇಲೆ ಯಾರ ಹೆಸರು ಹಾಕುವುದು ಎಂಬ ಚಿಂತೆಯೂ ಅವರಿಗಿತ್ತು. ಪುಣೆಯಲ್ಲಿ ಯಾವ ಉದ್ಯಾನಕ್ಕೆ ಹೋದರೂ ಬೆಂಚುಗಳ ಬೆನ್ನಿಗೆ ತೀರಿಕೊಂಡವರ ಹೆಸರು ಬರೆದು 'ಸ್ಮರಣಾರ್ಥ' ಎಂದು ಹಾಕಿರುತ್ತಾರೆ. ಕಾಲು ನೋಯುತ್ತಿದ್ದರೂ ನಾನು ಮೊದಲು ಓದಿ, ಸತ್ತವರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿ, ಆಮೇಲೆ ಕೂಡುತ್ತೇನೆ. ನಮ್ಮ ಬೆಂಚಿಗೆ ತೀರಿಕೊಂಡವರು ಯಾರೂ ಇರಲಿಲ್ಲ. ಇದನ್ನು ಸುಮಿತ್ರಾಗೆ ಹೇಳಿದಾಗ ಅವಳು ತಡಮಾಡದೆ, "ನಿಮ್ಮ ಚಪ್ಪಲಿ ಸ್ಮರಣಾರ್ಥ ಅಂತ ಹಾಕಿಸ್ರಿ," ಎಂದಳು.

ನನ್ನ ಜೊತೆ ಕಾರ್ಖಾನೆಯಲ್ಲಿದ್ದ ಮುರಗೋಡ ಈಗ ಭೋಸರಿಯಲ್ಲಿ ಸ್ವಂತ ಶೆಡ್ಡು ಹಾಕಿಕೊಂಡಿದ್ದಾನೆ. ಬೈಲಹೊಂಗಲದ ಕಡೆಯವನು. ಮರ ಕೊರೆಯುವ ದೊಡ್ಡ ಸಿಎನ್‌ಸಿ ಯಂತ್ರವೊಂದನ್ನಿಟ್ಟು ದೇವರ ಮಂಟಪ, ಜಾಲಿಯ ಬಾಗಿಲು ಮಾಡುತ್ತಾನೆ. ನಾನು ಹೋದಾಗ ಅದರಿಂದ ಒಂದೇ ಅಚ್ಚಿನ ಗಣಪತಿಗಳು ಸಾಲಾಗಿ ಹೊರಬರುತ್ತಿದ್ದವು. ಒಣಗಿದ ಹಲಗೆಯನ್ನು ಟೆಂಪೋದಿಂದ ಇಳಿಸುವಾಗ ಮುರಗೋಡ ಅದರ ಮೈಮೇಲೆ ಕೈಯಾಡಿಸಿ, ಡ್ರಾಯಿಂಗ್ ತಂದೀರಿಲ್ಲೋ ಎಂದು ಕೇಳಿದ. ಇಂಥ ಪ್ರಶ್ನೆಯನ್ನು ನನಗೆ ಕೇಳುವುದೇ? ವಾರವಿಡೀ ಮನೆಯ ಕಂಪ್ಯೂಟರಿನಲ್ಲಿ ಕೂತು ಬರೆದ ಡ್ರಾಯಿಂಗು, ಯಂತ್ರಕ್ಕೆ ಹಾಕುವ ಪ್ರೋಗ್ರಾಮು ಎರಡೂ ನನ್ನ ಚೀಲದಲ್ಲಿದ್ದವು. ಎಲ್ಲ ಅಳತೆಯನ್ನೂ ಕೂದಲೆಳೆಯಷ್ಟು ಸೂಕ್ಷ್ಮಕ್ಕೆ ಕೊಟ್ಟಿದ್ದೆ. ನೋಡಿ ಅವನು ನಕ್ಕ. "ಅಣ್ಣಿಗೇರಿಯವರ, ಇದು ಕುಂಡ್ರಾಕೋ, ವಿಮಾನಕ್ಕ ಹಾಕಾಕೋ?"

ಈಗ ಒಂದು ತಾಂತ್ರಿಕ ಮಾತು ಹೇಳಲೇಬೇಕು, ಸಹಿಸಿಕೊಳ್ಳಿ. ಇಂಥ ಯಂತ್ರಕ್ಕೆ ಮೊದಲು ಸೊನ್ನೆ ಎಲ್ಲಿದೆ ಎಂದು ತೋರಿಸಬೇಕು. ವಸ್ತುವಿನ ಒಂದು ಮೂಲೆಯನ್ನು ಮುಟ್ಟಿಸಿ, ಇದು ಸೊನ್ನೆ, ಇಲ್ಲಿಂದ ಎಣಿಸು ಎನ್ನಬೇಕು. ಈ ಹಲಗೆಗೆ ಮೂಲೆಯೇ ಇರಲಿಲ್ಲ. ಎಲ್ಲ ಕಡೆಯೂ ಹೊಳೆಯ ದಂಡೆಯ ಹಾಗೆ ಒಳಗೆ ಹೊರಗೆ ಆಡುವ ಅಂಚು. ನೌಕರಿಯುದ್ದಕ್ಕೂ ನಾನು ಹೊಸಬರಿಗೆ ಹೇಳಿಕೊಟ್ಟದ್ದು ಒಂದೇ ಪಾಠ: ಕಚ್ಚಾ ಮಾಲು ಬಂತೆಂದರೆ ಬೇರೇನನ್ನೂ ಮಾಡುವ ಮೊದಲು ಅದರ ಬದಿಗಳನ್ನು ನೇರ ಮಾಡಿಕೊಳ್ಳಿ. ನನ್ನ ಕೈ ಪ್ರೋಗ್ರಾಮಿನಲ್ಲಿ ಅದನ್ನು ತಾನಾಗಿ ಬರೆದಿತ್ತು. ನನಗೆ ನೆನಪೂ ಇರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದದ್ದು ನಮಗೆ ನೆನಪಿರುತ್ತದೆಯೇ, ಹಾಗೆ.

ಯಂತ್ರ ಮೊದಲು ಹಲಗೆಯ ಮೇಲ್ಮೈ ಕೆತ್ತಿತು. ಒಂದೊಂದು ಸಾಲು ಹೋದ ಹಾಗೂ ಬೂದು ಬಣ್ಣದ ಮೈ ಸರಿದು ಒಳಗಿನ ಗೆರೆಗಳು ಎದ್ದವು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಹುಡಿ ಒಳಗೆ ಹೋಗಿ ಕೆಮ್ಮು ಬಂತು. ಕೆಮ್ಮುತ್ತಿರುವಾಗಲೇ ಕೊರೆಯುವ ಮೂತಿ ಬದಿಗೆ ಹೋಯಿತು. ನೋಡುನೋಡುತ್ತ ಒಂದು ಬದಿಯ ತೊಗಟೆ ಉದ್ದಕ್ಕೆ ಕಳಚಿ ಬಿತ್ತು. ನಂತರ ಇನ್ನೊಂದು ಬದಿ. ನಂತರ ತುದಿಗಳು. ಯಂತ್ರ ನಿಂತಿತು. ನಾನು ಪಟ್ಟಿ ತೆಗೆದು ಅಳೆದೆ. ಅಳತೆ ಎಲ್ಲ ಕಡೆಯೂ ಸರಿಯಾಗಿತ್ತು. ಇಂಥ ನೇರವಾದ ಬದಿ ಮರದಲ್ಲಿ ಬರುವುದು ಸಾಮಾನ್ಯವಲ್ಲ ಎಂದು ಮುರಗೋಡನಿಗೆ ಹೆಮ್ಮೆಯಿಂದ ಹೇಳಿದೆ. ಫೋಟೋ ತೆಗೆದು ಸುಮಿತ್ರಾಗೆ ಕಳಿಸಿದೆ. ಅವಳು ತಕ್ಷಣ ಫೋನ್ ಮಾಡಿದಳು.

"ಚೊಲೋ ಅದರಿ. ಇದು ಯಾರ ಮನಿ ಟೇಬಲ್ಲು?"

ಫೋನು ಕಿವಿಯಲ್ಲಿದ್ದಂತೆಯೇ ಕೆಳಗೆ ನೋಡಿದೆ. ಅವಳು ಕೈಯಿಡುವ ಡೊಂಕು ನನ್ನ ಕಾಲ ಬಳಿ, ಹುಡಿಯೊಳಗೆ ಮೂರು ತುಂಡಾಗಿ ಬಿದ್ದಿತ್ತು. ವರ್ಷದ ಹಿಂದೆ ಅವಳು ಕೇಳಿಕೊಂಡದ್ದು ಒಂದೇ ಒಂದು. ಅದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಬರೆದಿರಲಿಲ್ಲ.

ಮುರಗೋಡ ತುಂಡುಗಳನ್ನು ಎತ್ತಿ ಬದಿಗೆ ಹೊಂದಿಸಿ ನೋಡಿದ. ತೊಗಟೆ ಉದುರಿ ಕೈಗೆ ಬಂತು. ಫೆವಿಕಾಲ್ ಹಚ್ಚುವ ಬಗ್ಗೆ ಮಾತಾಡಿದ. ನಾನು ಸ್ಟೂಲಿನ ಮೇಲೆ ಕೂತೆ. ಅವನು ಚಹಾ ತರಿಸಿದ. ಚಹಾ ಕುಡಿಯುವಾಗ ನನಗೆ ಆ ಹಳೆಯ ಫೋಟೋ ನೆನಪಾಯಿತು, ಗೋಣಿ ಹೊದಿಸುವ ಮೊದಲು ತೆಗೆದದ್ದು. ಪಟ್ಟಿ ಪಕ್ಕದಲ್ಲಿತ್ತು, ಅಂದರೆ ಅಳತೆ ಸಿಗುತ್ತದೆ. ಅಂಚಿನ ಗೆರೆಯನ್ನು ಫೋಟೋದಿಂದ ಎತ್ತಿ, ಹಿಗ್ಗಿಸಿ, ಪ್ರೋಗ್ರಾಮಿಗೆ ಹಾಕಿದರೆ ಯಂತ್ರ ಅದೇ ಡೊಂಕನ್ನು ಮತ್ತೆ ಕೊರೆಯುತ್ತದೆ.

ಹೀಗೆ ಆ ದಿನ ಮಧ್ಯಾಹ್ನ ಭೋಸರಿಯ ಶೆಡ್ಡಿನಲ್ಲಿ ಇಬ್ಬರು ತಲೆ ನರೆತವರು ಕಂಪ್ಯೂಟರಿನ ಮುಂದೆ ಕೂತು, ಮರ ಯಾವ ಶ್ರಮವೂ ಇಲ್ಲದೆ ಮಾಡಿಕೊಂಡಿದ್ದ ಅಂಕುಡೊಂಕನ್ನು ಚುಕ್ಕಿ ಚುಕ್ಕಿಯಾಗಿ ಎಣಿಸಿ ಬರೆದೆವು. ನನ್ನ ನೌಕರಿಯಲ್ಲಿ ಅಷ್ಟು ಉದ್ದದ ಪ್ರೋಗ್ರಾಮನ್ನು ನಾನು ಬರೆದದ್ದಿಲ್ಲ. ನೇರವಾಗಿಸಲು ನಾಲ್ಕು ಸಾಲು ಸಾಕಾಗಿದ್ದವು, ಡೊಂಕಾಗಿಸಲು ಪುಟಗಟ್ಟಲೆ. ಮುರಗೋಡನಿಗೆ ನಗು ತಡೆಯಲಾಗುತ್ತಿರಲಿಲ್ಲ. "ಮರಕ್ಕ ಮರಾ ಆಗೂದನ್ನ ನಾವು ಕಲಸಾಕತ್ತೇವು ನೋಡ್ರಿ," ಎಂದ. ಯಂತ್ರ ನಮ್ಮ ಡೊಂಕನ್ನು ಮರುಮಾತಿಲ್ಲದೆ ಕೊರೆಯಿತು. ಹಲಗೆ ಮಾತ್ರ ಒಂದು ಗೇಣು ಕಿರಿದಾಯಿತು. ಅಂಚು ಬಹಳ ನುಣುಪಾಗಿದೆ, ಮರದ ಕಳೆ ಇಲ್ಲ ಎಂದು ಮುರಗೋಡ ಉಳಿ ತಂದು ಅಲ್ಲಲ್ಲಿ ಕಚ್ಚು ಹಾಕತೊಡಗಿದ. ನಾನು ಪಟ್ಟಿ ಹಿಡಿದು ಕಚ್ಚುಗಳ ನಡುವೆ ಸಮ ಅಂತರವಿರಲಿ ಎಂದೆ. ಅವನು ಉಳಿಯನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ನಿಂತ.

ಅದೇ ದಿಮ್ಮಿಯ ಎರಡು ತುಂಡುಗಳನ್ನು ಕಾಲು ಮಾಡಿ, ಹಲಗೆಗೆ ಜೋಡಿಸಿ, ಜೂನ್ ಹಿಡಿಯುವ ಮೊದಲು ಬೆಂಚನ್ನು ತಂದು ಉಳಿದ ಮಳೆಮರದ ಕೆಳಗೆ ಇರಿಸಿದೆವು. ನೆಲಕ್ಕೆ ಕಲ್ಲು ಹಾಸಿ, ನೀರುಮಟ್ಟ ಇಟ್ಟು ನೋಡಿದೆ. ಅದರ ಗಾಜಿನ ನಳಿಗೆಯ ಗುಳ್ಳೆ ನಡುವಿನಲ್ಲೇ ನಿಂತಿತು, ಅಂದರೆ ಮಟ್ಟ ಸರಿ. ಕದಮ್ ಮೊದಲು ಕೂತು ಉದ್ಘಾಟನೆ ಮಾಡಿದರು. ಅವರು ದಪ್ಪ ಮೈಕಟ್ಟಿನವರು. ಅರ್ಧ ಕೂತು ಅರ್ಧ ಹೊರಗುಳಿದು, ಛಾನ್ ಆಹೆ, ಚೆನ್ನಾಗಿದೆ, ತೆಳ್ಳಗಿನವರಿಗೆ ಮಾಡಿಸಿದ ಹಾಗಿದೆ ಎಂದರು. ನಾನು ಮೇಲೆ ನೋಡಿದೆ. ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ಸುಮಿತ್ರಾ ನಿಂತಿದ್ದಳು. ಕೈಬೀಸಿ ಕರೆದೆ. ಅವಳು ಕೈಬೀಸಿದಳು. ಬರಲಿಲ್ಲ.

ಮಳೆ ಹಿಡಿಯಿತು. ಮಳೆ ಬಿಟ್ಟ ಸಂಜೆಗಳಲ್ಲಿ ಜನ ಬಂದು ಕೂತರು, ಎದ್ದು ಹೋದರು. ನಾನು ಬೆಂಚಿನ ಸುತ್ತ ಇದ್ದೆ. ಒಂದು ಸಂಜೆ ನೀರುಮಟ್ಟ ಇಟ್ಟಾಗ ಗುಳ್ಳೆ ನಡುವಿನಿಂದ ಜರುಗಿತ್ತು. ತಂಪಿಗೆ ಮರ ತಿರುಚಿಕೊಂಡು ಒಂದು ಕಾಲಿನ ಮೂಲೆ ಮೇಲೆದ್ದಿತ್ತು. ಕೈಯಿಂದ ಒತ್ತಿದರೆ ಟಕ್ ಎಂದು ಕೆಳಗೆ, ಬಿಟ್ಟರೆ ಟಕ್ ಎಂದು ಮೇಲೆ. ನನಗೆ ಅನ್ನ ಸೇರದಾಯಿತು. ಉಕ್ಕು ಹೀಗೆ ಮಾಡುವುದಿಲ್ಲ.

ಆ ಸದ್ದನ್ನು ಕೇಳುತ್ತ ಕೇಳುತ್ತ ನನಗೆ ನೆನಪಾದದ್ದು ಚಿಕ್ಕಂದಿನಲ್ಲಿ ನಾವಿದ್ದ ಧಾರವಾಡದ ಮಾಳಮಡ್ಡಿಯ ಬಾಡಿಗೆ ಮನೆ. ಅಲ್ಲಿ ಊಟಕ್ಕೆ ಕೂಡುವ ಮಣೆಗಳಲ್ಲಿ ಒಂದು ಹೀಗೆಯೇ ಕುಂಟುತ್ತಿತ್ತು. ಅದಕ್ಕಾಗಿ ಮಕ್ಕಳಲ್ಲಿ ಜಗಳ, ಏಕೆಂದರೆ ಅದು ಮಣೆಯಲ್ಲ, ಹುಬ್ಬಳ್ಳಿ ಬಸ್ಸು. ನಾನು ತುತ್ತು ತುತ್ತಿಗೂ ಗೇರು ಬದಲಿಸುತ್ತ ದಾರಿಯ ನವಲೂರು ದಾಟುತ್ತಿದ್ದೆ. ಅಪ್ಪ ಅದರ ಕಾಲಿನಡಿ ಮರದ ಚಕ್ಕೆ ಹೊಡೆಯಹೋದಾಗ ಅಜ್ಜಿ ತಡೆದಳು. ಒಲೆಯ ಕಡೆ ಮುಖ ಮಾಡಿ ಕೂಡುವ ಅವಳಿಗೆ ನಾವು ಬೆನ್ನ ಹಿಂದೆ. ಸದ್ದು ಬರುತ್ತಿದ್ದರೆ ಹುಡುಗ ಉಣ್ಣುತ್ತಿದ್ದಾನೆ, ನಿಂತರೆ ಕೈತೊಳೆಯದೆ ಓಡಿದ್ದಾನೆ ಎಂಬುದು ಅವಳ ಲೆಕ್ಕ. ಗೇರು ಮಾಡುವ ಕಾರ್ಖಾನೆಯಲ್ಲಿ ನನ್ನ ಬದುಕು ಕಳೆದದ್ದಕ್ಕೆ ಆ ಮಣೆಯೇ ಕಾರಣವಿರಬಹುದು. ಇರಲಿ, ಎಲ್ಲಿಗೋ ಹೋದೆ.

ಚಕ್ಕೆ ಹೊಡೆಯಲೆಂದು ನಾನು ಮಂಡಿಯೂರಿ ಕಾಲಿನ ಸಂದನ್ನು ಅಳೆಯುತ್ತಿದ್ದ ಒಂದು ಸಂಜೆ, ಪಟ್ಟಿಯ ಪಕ್ಕದಲ್ಲಿ ಎರಡು ಪಾದ ಬಂದು ನಿಂತವು. ಕಾಲುಂಗುರ ನೋಡಿ ಗುರುತು ಹಿಡಿದೆ. ಸುಮಿತ್ರಾ ಬೆಂಚಿನ ಸುತ್ತ ಒಮ್ಮೆ ನಡೆದಳು. ನಮ್ಮ ಪ್ರೋಗ್ರಾಮಿನ ಡೊಂಕಿನ ಮೇಲೆ ಅಂಗೈ ಇಟ್ಟು, ಹಿಂದೆ ಮುಂದೆ ಸರಿಸಿ ನೋಡಿದಳು. ಇದು ನಿಜವಾದದ್ದಲ್ಲ, ಮಾಡಿದ್ದು ಎಂದು ಹೇಳಲು ನಾನು ಬಾಯಿ ತೆರೆದೆ. ಗೊತ್ತದ, ಮುರಗೋಡ ಅವರ ಮನಿಯವರು ಫೋನ್ ಮಾಡಿದ್ರು ಎಂದಳು. ಕೂತಳು. ಬೆಂಚು ಟಕ್ ಎಂದಿತು.

"ನೀವೂ ಕೂಡ್ರಿ."

ಒಂದು ಚಕ್ಕೆ ಹೊಡೆದುಬಿಡುತ್ತೇನೆ, ಆಮೇಲೆ ಕೂಡುತ್ತೇನೆ ಎಂದೆ.

"ಬೆಂಚು ಬಂದಾಗಿಂದ ಮ್ಯಾಲಿಂದ ನೋಡ್ಲಿಕತ್ತೇನಿ. ಅಳಿಯೂದಾತು, ಒರಸೂದಾತು, ಮಂದೀನ್ನ ಕೂಡಸೂದಾತು. ನೀವು ಒಂದಿನಾನೂ ಕೂತಿಲ್ಲ."

ಅವಳು ಹೇಳಿದ್ದು ನಿಜವಾಗಿತ್ತು. ಬೆಂಚಿನ ಉದ್ದ, ಅಗಲ, ಎತ್ತರ ಎಲ್ಲ ನನಗೆ ಬಾಯಿಪಾಠವಿತ್ತು. ಕೂತರೆ ಹೇಗಿರುತ್ತದೆ ಎಂಬುದು ಗೊತ್ತಿರಲಿಲ್ಲ. ಕೂತೆ. ಮತ್ತೆ ಟಕ್ ಎಂದಿತು. ತಲೆಯ ಮೇಲೆ ಒಂದು ಕೊಂಬೆ ಕಿರುಗುಟ್ಟಿತು, ನಾನು ಮೇಲೆ ನೋಡಿದೆ.

"ಹಾಂ, ಇದ," ಎಂದಳು ಸುಮಿತ್ರಾ. ಸಿಟ್ಟಿನಲ್ಲಲ್ಲ, ಹುಡುಕುತ್ತಿದ್ದ ವಸ್ತು ಸಿಕ್ಕವರ ಹಾಗೆ. "ಹೋದ ವರ್ಷಾನೂ ಹಿಂಗ. ಕುರ್ಚಿ ಮ್ಯಾಲ ಕೂತು ಎಲಿ ಅಲುಗಿದ್ರ ಮ್ಯಾಲ ನೋಡೂದು, ಕಾಗಿ ಹಾರಿದ್ರ ಮ್ಯಾಲ ನೋಡೂದು. ನಾ ಏನ್ ಮಾತಾಡಿದ್ರೂ ನಿಮ್ಮ ಕಿವಿಗೆ ಬೀಳ್ತಿದ್ದಿಲ್ಲ. ಮಾರಿ ಬಿಳಚಿಕೊಂಡು ಕೂಡ್ತಿದ್ರಿ. ನನಗ ನೋಡ್ಲಿಕ್ಕೆ ಆಗ್ಲಿಲ್ಲ. ನಾ ಬರೂದು ಬಿಟ್ರ ನೀವೂ ಇಲ್ಲೆ ಬರೂದು ಬಿಡ್ತೀರಿ ಅಂತ ಬಿಟ್ಟೆ. ನೀವು ನನಗ ಅಂಜಿಕಿ ಅಂತ ಊರಿಗೆಲ್ಲಾ ಹೇಳಿ, ಬೆಂಚು ಮಾಡ್ಲಿಕ್ಕೆ ಹೋದ್ರಿ."

ನಾನು ಪಟ್ಟಿಯನ್ನು ಕಿಸೆಯಲ್ಲಿಟ್ಟೆ. ಮತ್ತೆ ತೆಗೆದೆ. ಮತ್ತೆ ಇಟ್ಟೆ. ಸೊನ್ನೆಯನ್ನು ತಪ್ಪು ಮೂಲೆಯಲ್ಲಿ ಇಟ್ಟು ವರ್ಷವಿಡೀ ಕೊರೆದಿದ್ದೆ. ಅಳತೆ ಎಲ್ಲ ಸರಿ ಇತ್ತು. ಹೆದರಿಕೆಯನ್ನು ಎಣಿಸಿದ್ದು ಮಾತ್ರ ನನ್ನನ್ನು ಬಿಟ್ಟು ಅವಳಿಂದ. ಹಾಲಿನವನ ಮುಖ ನನ್ನ ಕಣ್ಣ ಮುಂದೆ ಬಂತು. ಅವನು ಅವಳಿಗೆ ಹಾಲು ಹಾಕುವಾಗ ಎಷ್ಟು ಮೆತ್ತಗೆ ಹಾಕುತ್ತಿದ್ದ.

ಹಾಗಾದರೆ ನಿನಗೆ ಹೆದರಿಕೆಯೇ ಆಗಲಿಲ್ಲವೇ ಎಂದು ಕೇಳಿದೆ. ನನಗ್ಯಾಕ ಅಂಜಿಕಿ, ನಾ ಅಂತೂ ಸಂಡಿಗಿ ಕಡೆ ಹೋಗಿದ್ದೆ ಎಂದಳು.

ಚಕ್ಕೆ ಹೊಡೆಯಲು ಅವಳು ಬಿಡಲಿಲ್ಲ. ಮೇಲೆ ನೋಡಬೇಕಾದರೆ ಮನುಷ್ಯ ಹಿಂದಕ್ಕೆ ವಾಲುತ್ತಾನೆ. ಬೆನ್ನಿಲ್ಲದ ಬೆಂಚಿನಲ್ಲಿ ತೂಕ ಹಿಂದೆ ಹೋಯಿತೆಂದರೆ ಆ ಎದ್ದ ಕಾಲು ನೆಲ ಬಡಿಯುತ್ತದೆ. ಇದನ್ನು ಅವಳು ಮೊದಲ ಸಂಜೆಯೇ ಕಂಡುಹಿಡಿದಳು. ಈಗ ಅವಳು ನನ್ನ ಮುಖ ನೋಡಬೇಕಾಗಿಲ್ಲ. ಸೊಪ್ಪು ಸೋಸುತ್ತ, ಎತ್ತಲೋ ನೋಡುತ್ತ, ಗೆಳತಿಯ ಕತೆ ಹೇಳುತ್ತಿರುತ್ತಾಳೆ. ಟಕ್ ಎಂದರೆ ಕತೆ ನಿಲ್ಲಿಸಿ, "ಮ್ಯಾಲ ನೋಡಿದ್ರಿ?" ಎನ್ನುತ್ತಾಳೆ. ಇಲ್ಲ ಎಂದು ಸುಳ್ಳು ಹೇಳುವ ಹಾಗಿಲ್ಲ; ನಾನೇ ಮಾಡಿದ ಬೆಂಚು. ನೋಡದಿರಲು ನಾನು ಕಂಡುಕೊಂಡ ಉಪಾಯವೆಂದರೆ ನನ್ನ ಚಪ್ಪಲಿಗಳನ್ನೇ ನೋಡುತ್ತ ಕೂಡುವುದು. ಅವು ಪಕ್ಕಪಕ್ಕದಲ್ಲಿ, ಸುರಕ್ಷಿತವಾಗಿ, ನನ್ನ ಕಾಲಲ್ಲೇ ಇರುತ್ತವೆ. ಬಿಟ್ಟು ಕೂಡುವುದನ್ನು ಬಿಟ್ಟಿದ್ದೇನೆ. ಟಕ್ ಎನ್ನುವುದು ಕಡಿಮೆಯಾಗುತ್ತ ಬಂದಿದೆ. ಮಾತುಗಳು ಉದ್ದವಾಗುತ್ತ ಬಂದಿವೆ.

ಮೊನ್ನೆ ಪಟ್ಟಿ ಒರೆಸುವುದನ್ನು ಅರ್ಧಕ್ಕೆ ಬಿಟ್ಟು ಕೆಳಗೆ ಹೋದೆ. ಸುಮಿತ್ರಾ ಆಗಲೇ ಕೂತು, ಡೊಂಕಿನ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಪಕ್ಕದಲ್ಲಿ ಕೂತೆ. ಅವಳು ಮೆಂತೆಸೊಪ್ಪಿನ ವಿಷಯ ಏನೋ ಹೇಳುತ್ತಿದ್ದಳು. ಗಾಳಿ ಎದ್ದಿತು. ಎಲೆಗಳ ಸದ್ದು ಒಂದು ಕಡೆಯಿಂದ ಶುರುವಾಗಿ ನಮ್ಮ ತಲೆಯ ಮೇಲೆ ಬಂತು. ನಾನು ಹಲ್ಲು ಕಚ್ಚಿ ಚಪ್ಪಲಿ ನೋಡುತ್ತ ಕೂತೆ. ಉಂಗುಟದ ಹೊಲಿಗೆ ಸ್ವಲ್ಪ ಬಿಟ್ಟಿತ್ತು; ಅದನ್ನೇ ನೋಡಿದೆ.

ಟಕ್ ಎಂದಿತು.

ನಾನು ಅಲುಗಾಡಿರಲಿಲ್ಲ. ಕತ್ತನ್ನು ಎತ್ತದೆ, ಕಣ್ಣನ್ನಷ್ಟೇ ಹೊರಳಿಸಿ ಪಕ್ಕಕ್ಕೆ ನೋಡಿದೆ. ಸುಮಿತ್ರಾಳ ಕೈ ಡೊಂಕಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಮೆಂತೆಸೊಪ್ಪಿನ ಮಾತು ನಡುವೆಯೇ ನಿಂತಿತ್ತು. ಅವಳು ಗಲ್ಲ ಎತ್ತಿ ಕೊಂಬೆಗಳನ್ನು ನೋಡುತ್ತಿದ್ದಳು. ಗಾಳಿ ದಾಟಿಹೋಗುವವರೆಗೂ ನೋಡುತ್ತಲೇ ಇದ್ದಳು.

ಆಮೇಲೆ, ಇನ್ನೂ ಮೇಲೆಯೇ ಕಣ್ಣಿಟ್ಟು ಕೇಳಿದಳು, "ನೋಡಿದ್ರಲ್ಲಾ ಮತ್ತ?"

"ಹೂಂ, ನೋಡಿದೆ," ಎಂದೆ.